ಮುಂಬೈ ಕಾರು, ನಮ್ಮೂರ ಘಾಟಿ

ಮೂಡುಬಿದಿರೆಯ ಓದುಗರೇ, 2017ರ ಆಕ್ಟೇವಿಯಾ ಆರ್‌ಎಸ್ ಮೇಲೆ ಆಸೆಪಟ್ಟದ್ದು ತಪ್ಪಲ್ಲ. ಆದರೆ ಮುಂಬೈ ನೋಂದಣಿಯ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಮುಂಗಡ ಕೊಡಬೇಡಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ಆಜೀವ ತೆರಿಗೆ ಕಟ್ಟಬೇಕು. ಆ ಲೆಕ್ಕ ಸೇರಿಸಿದರೆ ಅಗ್ಗ ಎಲ್ಲಿ ಉಳಿಯಿತು?

ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ತುದಿಯಲ್ಲಿ ಕೆಸರಿನ ಕಲೆಯಿದ್ದರೆ ಗಾಡಿ ನೆರೆನೀರು ಕುಡಿದಿರುತ್ತದೆ. 2019ರಲ್ಲಿ ನೇತ್ರಾವತಿ ಬಂಟ್ವಾಳಕ್ಕೆ ನುಗ್ಗಿದ್ದನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಟೈರಿನ ಮೇಲೆ ‘2318’ ಎಂದಿದ್ದರೆ ಅದು 2018ರ 23ನೇ ವಾರದ್ದು. ಸವೆಯದಿದ್ದರೂ ಬದಲಿಸಿ.

ನೇರ ಹೆದ್ದಾರಿಯಲ್ಲಿ ಎಲ್ಲ ಕಾರೂ ಚೆನ್ನಾಗಿಯೇ ಓಡುತ್ತದೆ. ಬೆಳ್ತಂಗಡಿ ದಾಟಿ ಚಾರ್ಮಾಡಿ ಘಾಟಿ ಹತ್ತಿಸಿ. ಗೇರ್ ಬದಲಾಗುವಾಗ ಜಗ್ಗಿದರೆ ದೊಡ್ಡ ಖರ್ಚು ಕಾದಿದೆ. ನಿಮ್ಮ ಅಂಗಳದ ಇಳಿಜಾರಿಗೂ ಒಮ್ಮೆ ತನ್ನಿ. ಹೊಟ್ಟೆ ತಾಗಿದರೆ ಆ ಕಾರು ಬಿಟ್ಟುಬಿಡಿ.