ನಿರ್ಣಯ ಪುಸ್ತಕದಿಂದ ಕಸದ ಗಾಡಿಯವರೆಗೆ



ಉಳಿತಾಯ, ಸಾಲ, ಮರುಪಾವತಿ ಇವುಗಳ ಲೆಕ್ಕ ನಿಮಗೆ ಬಾಯಿಪಾಠ. ಆದರೆ ಒಕ್ಕೂಟವೇ ಕೆಲಸ ಕೊಡುವ ಜಾಗದಲ್ಲಿ ಕೂತಾಗ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ನಾವು ಅಷ್ಟಾಗಿ ಕಲಿತಿಲ್ಲ. ಕರ್ನಾಟಕದ ಹಲವು ಗ್ರಾಮ ಪಂಚಾಯಿತಿಗಳಲ್ಲಿ ಮನೆಮನೆಯ ಕಸ ಸಂಗ್ರಹವನ್ನು ಒಪ್ಪಂದದ ಮೂಲಕ ಸಂಜೀವಿನಿ ಒಕ್ಕೂಟಗಳಿಗೆ ವಹಿಸಲಾಗಿದೆ. ಗಾಡಿ ಓಡಿಸುವವಳು, ಕಸ ಎತ್ತುವವಳು, ಘಟಕದಲ್ಲಿ ವಿಂಗಡಿಸುವವಳು ಎಲ್ಲರೂ ನಮ್ಮ ಸಂಘದವರೇ. ಹೀಗಿರುವಾಗ ಮಾತುಕತೆಗೇನು ಕೊರತೆ ಅಂತ ಕೇಳಬಹುದು. ಕೊರತೆ ಇರೋದೇ ಅಲ್ಲಿ. "ನಮ್ಮವಳೇ ಅಲ್ವಾ, ಗೊತ್ತಿರುತ್ತೆ ಬಿಡು" ಅಂದುಕೊಂಡು ಯಾರೂ ಹೇಳುವುದಿಲ್ಲ.

ಕಸದ ಶುಲ್ಕವನ್ನು ತಿಂಗಳಿಗೆ 30 ರೂಪಾಯಿಯಿಂದ 50ಕ್ಕೆ ಏರಿಸಲು ಪಂಚಾಯಿತಿಯೂ ಒಕ್ಕೂಟವೂ ಒಪ್ಪಿದವು ಎಂದಿಟ್ಟುಕೊಳ್ಳಿ. ನಿರ್ಣಯ ಬರೆದು ಸಹಿಯೂ ಆಯಿತು. ಬೆಳಿಗ್ಗೆ ಗಾಡಿ ಹೋದಾಗ ಮನೆಯಾಕೆ, "ಏನಮ್ಮಾ, ಇಪ್ಪತ್ತು ರೂಪಾಯಿ ಜಾಸ್ತಿ ಮಾಡಿದ್ದೀರಂತೆ, ಯಾವ ಲೆಕ್ಕ?" ಅಂತ ಕೇಳುತ್ತಾಳೆ. ಕೆಲಸದವಳಿಗೆ ಸುದ್ದಿ ತಿಳಿಯುವುದೇ ಆ ಬಾಗಿಲಲ್ಲಿ. ತೀರ್ಮಾನ ನಮ್ಮದು, ಬೈಗುಳ ಅವಳದು! ಇದು ನ್ಯಾಯವೇ?

ಇದಕ್ಕೆ ದೊಡ್ಡ ತರಬೇತಿ ಬೇಡ. ವಾರಕ್ಕೊಂದು ದಿನ, ಗಾಡಿ ಹೊರಡುವ ಮುಂಚೆ, ಹತ್ತು ನಿಮಿಷ ಸಾಕು. ಪದಾಧಿಕಾರಿಗಳಲ್ಲಿ ಒಬ್ಬರು ಘಟಕಕ್ಕೆ ಹೋಗಿ, ಕೆಲಸಕ್ಕೆ ಸಂಬಂಧಪಟ್ಟ ನಿರ್ಣಯವನ್ನು ಓದಿ, ಕಾರಣವನ್ನೂ ಹೇಳಬೇಕು. ನಂತರ "ಅರ್ಥ ಆಯ್ತಾ?" ಅಂತ ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ಹೂಂ ಅನ್ನುತ್ತಾರೆ. "ಮನೆಯವರು ಕೇಳಿದ್ರೆ ನೀನು ಏನಂತ ಹೇಳ್ತೀಯಾ ಅಕ್ಕಾ?" ಅಂತ ಕೇಳಿ. ಆಗ ಎಲ್ಲಿ ಗೊಂದಲ ಇದೆ ಅಂತ ನಮಗೇ ಕಾಣುತ್ತದೆ.

ವಾಟ್ಸಾಪ್ ಗುಂಪಿಗೆ ಹಾಕಿದೆವಲ್ಲ ಎನ್ನುವವರಿದ್ದಾರೆ. ಎಷ್ಟೋ ಮನೆಗಳಲ್ಲಿ ಫೋನು ಗಂಡನ ಕೈಯಲ್ಲೋ ಮಗನ ಕೈಯಲ್ಲೋ ಇರುತ್ತದೆ, ಓದಲು ಬಾರದವರೂ ಇದ್ದಾರೆ. ಹಾಕುವುದಾದರೆ ಧ್ವನಿಯಲ್ಲಿ ಹಾಕಿ, ಆದರೂ ಎದುರಿಗೆ ಹೇಳುವುದನ್ನು ಬಿಡಬೇಡಿ.

ಇನ್ನು ಕೆಳಗಿನಿಂದ ಮೇಲೆ ಬರಬೇಕಾದ ಮಾತು. ನಮ್ಮ ಅಭಿಪ್ರಾಯದಲ್ಲಿ ಮುಖ್ಯವಾದದ್ದು ಇದೇ. ಯಾವ ಬೀದಿಯಲ್ಲಿ ಹಸಿ ಕಸ, ಒಣ ಕಸ ಬೆರೆಸಿ ಕೊಡುತ್ತಾರೆ, ಯಾವ ಮನೆಯವರು ಒಡೆದ ಗಾಜು, ಇಂಜೆಕ್ಷನ್ ಸೂಜಿಗಳನ್ನು ಚೀಲದಲ್ಲಿ ಹಾಗೇ ಹಾಕುತ್ತಾರೆ ಎಂಬುದು ಅವಳಿಗೆ ಮಾತ್ರ ಗೊತ್ತು. ಅವಳು ಹೇಳಿದ್ದನ್ನು ನಾವು ಕೇಳಿಸಿಕೊಳ್ಳದಿದ್ದರೆ ಆ ಸೂಜಿ ಚುಚ್ಚುವುದು ಅವಳ ಕೈಗೆ. ಚುಚ್ಚಿದರೆ ಗಾಯವನ್ನು ಹಿಂಡಬಾರದು, ಬಾಯಿಗಿಡಬಾರದು. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಹೆಚ್.ಐ.ವಿ. ತಡೆಯುವ ಔಷಧಿ ಬೇಕೇ ಎಂದು ವೈದ್ಯರು ನಿರ್ಧರಿಸುತ್ತಾರೆ. ಬೇಕಾದಲ್ಲಿ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟು ಒಳ್ಳೆಯದು. "ಬೈತಾರೆ" ಅಂತ ಹೆದರಿ ಮೂರು ದಿನ ಮುಚ್ಚಿಟ್ಟರೆ ಆ ಸಮಯ ಹೋಗಿಬಿಡುತ್ತದೆ. ಆದ್ದರಿಂದ ಯಾರಿಗೆ ಫೋನ್ ಮಾಡಬೇಕು ಎಂಬ ನಂಬರನ್ನು ಗಾಡಿಯೊಳಗೆ ದೊಡ್ಡದಾಗಿ ಬರೆದಿಡಿ.

ಘಟಕದಲ್ಲಿ ಒಂದು ನೋಟ್‌ಬುಕ್ ಇರಲಿ. ಬರೆಯಲು ಬಾರದವರ ಮಾತನ್ನು ಇನ್ನೊಬ್ಬರು ಬರೆಯಲಿ. ಮುಂದಿನ ಸಭೆಯಲ್ಲಿ ಅದನ್ನು ಓದಿ, ಪ್ರತಿಯೊಂದಕ್ಕೂ ಉತ್ತರ ಕೊಡಬೇಕು. "ಈಗ ಆಗುವುದಿಲ್ಲ" ಎಂಬುದೂ ಉತ್ತರವೇ. ಮೌನ ಮಾತ್ರ ಉತ್ತರವಲ್ಲ. ಎರಡು ಸಲ ಮೌನ ಸಿಕ್ಕಿದ ಮೇಲೆ ಯಾರು ತಾನೇ ಬರೆಯುತ್ತಾರೆ?

ಸಂಬಳದ ವಿಷಯ ಎಲ್ಲಕ್ಕಿಂತ ಸೂಕ್ಷ್ಮ. ಶುಲ್ಕ ವಸೂಲಾಗದೆಯೋ ಪಂಚಾಯಿತಿಯ ಹಣ ಬಾರದೆಯೋ ತಡವಾಗುವುದುಂಟು. ತಡವಾಗುತ್ತದೆ ಎಂದು ಗೊತ್ತಾದ ದಿನವೇ ಹೇಳಿದರೆ ಅವಳು ಅಂಗಡಿಯವನ ಹತ್ತಿರ, ಮಕ್ಕಳ ಶಾಲೆಯಲ್ಲಿ ಒಂದು ಮಾತು ಹೇಳಿಟ್ಟುಕೊಳ್ಳುತ್ತಾಳೆ. ಹತ್ತನೇ ತಾರೀಕು ದಾಟಿದ ಮೇಲೆ ಅವಳೇ ಬಂದು ಕೈಕಟ್ಟಿ ಕೇಳುವ ಹಾಗೆ ಮಾಡುವುದು, ಸ್ವಾವಲಂಬನೆಯ ಮಾತಾಡುವ ನಮಗೆ ಶೋಭಿಸುವುದಿಲ್ಲ. ಅಂದ ಹಾಗೆ, "ಕಸದವಳು" ಅನ್ನುವ ಮಾತು ಸಭೆಯಲ್ಲಿ ಬಂದರೆ ಅಧ್ಯಕ್ಷರು ಅಲ್ಲೇ ತಡೆಯಬೇಕು. ಅವಳಿಗೊಂದು ಹೆಸರಿದೆ.

ಸಂಘದಲ್ಲಿ ಚರ್ಚಿಸಲು:

ಕಳೆದ ಮೂರು ಸಭೆಗಳ ನಿರ್ಣಯಗಳಲ್ಲಿ ಗಾಡಿಯವರಿಗೆ ಸಂಬಂಧಪಟ್ಟವು ಯಾವುವು? ಅವರಿಗೆ ಯಾರು, ಯಾವಾಗ ತಿಳಿಸಿದರು?

ಮುಂದಿನ ಸಭೆಗೆ ಅವರಲ್ಲಿ ಒಬ್ಬರನ್ನು ಕರೆಯುವುದಾದರೆ ಅವರ ಆ ದಿನದ ಕೂಲಿ ಹೋಗದಂತೆ ಯಾವ ಹೊತ್ತಿಗೆ ಸಭೆ ಇಡೋಣ?