ಪೇಟ ಬದಲಿಸಿದವರೂ ಪಡೆ ಬದಲಿಸಿದವರೂ

ಪ್ರಶ್ನೆ: ನಮ್ಮ ಸೇನೆಯಲ್ಲಿ ಬ್ರಿಟಿಷರ ಕಾಲದ ಎಷ್ಟೋ ಕಟ್ಟುಪಾಡು, ಆಚರಣೆಗಳು ಇನ್ನೂ ಉಳಿದಿವೆ. ಕಾಲಕ್ಕೆ ತಕ್ಕಂತೆ ಅವು ಬದಲಾಗಬೇಡವೇ? ಬದಲಾಯಿಸಿದರೆ ಶಿಸ್ತೇ ಸಡಿಲವಾದೀತು ಎನ್ನುವವರ ಮಾತು ನಿಜವೇ?
— ಓದುಗರೊಬ್ಬರು, ಹಾಸನ

ಉತ್ತರ: ಬದಲಾಗಬೇಕು. ಆದರೆ ಹೆದರುವವರ ಮಾತನ್ನೂ ತಳ್ಳಿಹಾಕುವಂತಿಲ್ಲ, ಬದಲಾವಣೆಯೇ ಸೇನೆಯನ್ನು ಒಡೆದ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ.

1806ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇನೆಯ ದಂಡನಾಯಕ ಸರ್ ಜಾನ್ ಕ್ರಾಡಾಕ್ ಸಿಪಾಯಿಗಳ ವೇಷವನ್ನು ಒಂದೇ ಅಚ್ಚಿಗೆ ತರಲು ಹೊರಟ. ಕವಾಯತಿಗೆ ಬರುವಾಗ ಹಣೆಯಲ್ಲಿ ನಾಮ, ವಿಭೂತಿ ಇರಕೂಡದು, ಕಿವಿಯಲ್ಲಿ ಒಂಟಿ ಇರಕೂಡದು, ಗಡ್ಡ ಬೋಳಿಸಿರಬೇಕು, ಮೀಸೆ ಎಲ್ಲರದೂ ಒಂದೇ ಬಗೆಯಲ್ಲಿರಬೇಕು. ತಲೆಗೆ ಹೊಸ ಮಾದರಿಯ ಪೇಟ, ಅದರ ಅಲಂಕಾರಕ್ಕೆ ಚರ್ಮ. ದೂರದಿಂದ ನೋಡಿದರೆ ಥೇಟ್ ದೊರೆಗಳ ಟೊಪ್ಪಿ. ಟೊಪ್ಪಿ ಇಟ್ಟವನು ಕುಲಗೆಟ್ಟ ಎಂದು ಊರೇ ನಂಬಿದ್ದ ಕಾಲವದು. ಒಲ್ಲೆ ಎಂದವರಿಗೆ ಚಾಟಿಯೇಟು ಬಿತ್ತು. ಜುಲೈ 10ರ ನಸುಕಿನಲ್ಲಿ ವೆಲ್ಲೂರು ಕೋಟೆಯ ಸಿಪಾಯಿಗಳು ತಿರುಗಿಬಿದ್ದರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ತಂದು ಇಟ್ಟಿದ್ದೂ ಅದೇ ಕೋಟೆಯಲ್ಲಿ. ಒಂದೇ ದಿನದಲ್ಲಿ ನೂರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತರು, ಅದಕ್ಕೂ ಹೆಚ್ಚು ಸಿಪಾಯಿಗಳು ಪ್ರಾಣ ಬಿಟ್ಟರು. ಕೊನೆಗೆ ಪೇಟದ ಆಜ್ಞೆ ರದ್ದಾಯಿತು. ಕ್ರಾಡಾಕ್‌ನನ್ನೂ ಗವರ್ನರ್ ಬೆಂಟಿಂಕ್‌ನನ್ನೂ ಕಂಪನಿ ವಾಪಸು ಕರೆಸಿಕೊಂಡಿತು.

ಅದೇ ಸಿಪಾಯಿಗಳು ಕಂಪನಿಗಾಗಿ ಯುದ್ಧಗಳಲ್ಲಿ ಗುಂಡಿಗೆ ಎದೆಯೊಡ್ಡಿದವರು. ಸಾಯಲು ಒಪ್ಪಿದವರು ಪೇಟಕ್ಕೆ ಏಕೆ ಒಪ್ಪಲಿಲ್ಲ? ಆ ಆಜ್ಞೆಯಲ್ಲಿ ಅವರ ಮಾನದ ಲೆಕ್ಕವೇ ಇರಲಿಲ್ಲ. ಮೇಲಿನವನು ತನ್ನ ಬದುಕು, ತನ್ನ ಮರ್ಯಾದೆ ಎರಡನ್ನೂ ಕಾಯುತ್ತಾನೆ ಎಂಬ ಭರವಸೆ ಕೆಳಗಿನವನಿಗೆ ಇರುವತನಕ ಶಿಸ್ತು ಇರುತ್ತದೆ. ಆ ಭರವಸೆಯನ್ನು ಹೆಚ್ಚಿಸುವ ಸಂಪ್ರದಾಯ ನೂರಿನ್ನೂರು ವರ್ಷ ಹಳೆಯದಾದರೂ ಉಳಿಯಲಿ. ಅದನ್ನು ಸವೆಸುವಂಥದ್ದು ನಿನ್ನೆ ಮೊನ್ನೆ ಬಂದದ್ದಾದರೂ ಹೋಗಲಿ. ನಾನು ಅಳೆಯುವುದು ಇಷ್ಟರಿಂದಲೇ.

ಹೀಗೆ ಅಳೆದು ಬದಲಿಸಿದವರೂ ನಮ್ಮಲ್ಲಿದ್ದರು. ಕೊಡಗಿನ ಕೆ.ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಉಡುಪು, ನಡೆನುಡಿ, ಮೆಸ್ಸಿನ ರೀತಿರಿವಾಜುಗಳಲ್ಲಿ ಕೂದಲೆಳೆಯಷ್ಟೂ ರಾಜಿಯಾಗದ ಮನುಷ್ಯ. ಆದರೆ ಯುದ್ಧಕ್ಕೆ ಲಾಯಕ್ಕಾದ ಜಾತಿಗಳು ಬೇರೆ, ನಾಲಾಯಕ್ಕಾದವು ಬೇರೆ ಎಂದು ಬ್ರಿಟಿಷರು ಕಟ್ಟಿದ್ದ ಲೆಕ್ಕಾಚಾರಕ್ಕೆ ಕೈ ಹಾಕಿದವರೂ ಅವರೇ. ಹಳೆಯ ನಾಲ್ಕು ರೆಜಿಮೆಂಟುಗಳ ಹಿರಿಯ ಪಟಾಲಮುಗಳನ್ನು ತೆಗೆದುಕೊಂಡು ಅದೇ ವರ್ಷ ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಕಟ್ಟಿದರು. ಅದಕ್ಕೆ ಯಾವ ಜಾತಿಯ, ಯಾವ ಪ್ರಾಂತದ ಯೋಧನಾದರೂ ಸೇರಬಹುದಿತ್ತು. ಒಂದೇ ಜಾತಿ, ಒಂದೇ ಭಾಷೆಯವರಲ್ಲದಿದ್ದರೆ ಒಗ್ಗಟ್ಟು ಎಲ್ಲಿಂದ ಬರಬೇಕು ಎಂಬ ಶಂಕೆಗೆ ಉತ್ತರ ಬಯಸುವವರು 1971ರ ಬಾಂಗ್ಲಾ ಯುದ್ಧದ, ಡಿಸೆಂಬರ್ 3ರ ಗಂಗಾಸಾಗರ ಕಾಳಗವನ್ನು ನೆನೆಯಬೇಕು. 14 ಗಾರ್ಡ್ಸ್‌ನ ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ, ಇಂದಿನ ಜಾರ್ಖಂಡಿನ ಆದಿವಾಸಿ ಯುವಕ, ತನ್ನ ತುಕಡಿಯ ಮೇಲೆ ಗುಂಡು ಸುರಿಸುತ್ತಿದ್ದ ಮೆಷಿನ್ ಗನ್ ಬಂಕರಿನ ಮೇಲೆ ಎರಗಿ ಬಯೊನೆಟ್ಟಿನಿಂದ ಇಬ್ಬರನ್ನು ಕೊಂದರು. ಗಾಯಗೊಂಡರೂ ನಿಲ್ಲಲಿಲ್ಲ. ಮುಂದೆ ಮಹಡಿಯೊಂದರಿಂದ ಇನ್ನೊಂದು ಗನ್ ಸಿಡಿಯುತ್ತಿತ್ತು. ತೆವಳಿಕೊಂಡು ಹೋಗಿ ಗ್ರೆನೇಡ್ ಎಸೆದರು, ಗನ್ ನಿಲ್ಲಲಿಲ್ಲ, ಗೋಡೆ ಹತ್ತಿ ಒಳನುಗ್ಗಿ ಅದನ್ನು ಅಡಗಿಸಿದರು. ಮರಣೋತ್ತರವಾಗಿ ಪರಮವೀರ ಚಕ್ರ ಬಂತು.

ಇತ್ತೀಚೆಗೆ ಸುದ್ದಿಯಾಗುವ ಬದಲಾವಣೆಗಳಲ್ಲಿ ಬಹುಪಾಲು ಕಣ್ಣಿಗೆ ಕಾಣುವಂಥವು. 2022ರಲ್ಲಿ ನೌಕಾಪಡೆಯ ಧ್ವಜದಿಂದ ಸೇಂಟ್ ಜಾರ್ಜ್ ಶಿಲುಬೆ ಹೋಯಿತು. ಅದೇ ವರ್ಷ ಗಣರಾಜ್ಯೋತ್ಸವದ ಬೀಟಿಂಗ್ ರಿಟ್ರೀಟ್‌ನಲ್ಲಿ ನುಡಿಸುತ್ತಿದ್ದ ಹಳೆಯ ಇಂಗ್ಲಿಷ್ ಪ್ರಾರ್ಥನೆಯೂ ಹೋಯಿತು. ಧ್ವಜ ನಮ್ಮದಾಗಿದ್ದು ನನಗೆ ಸಂತೋಷವೇ. ಆದರೆ ಬ್ಯಾರಕ್ಕಿನ ಸಿಪಾಯಿಯ ದಿನಚರಿ ಅದರಿಂದ ಬದಲಾಗುವುದಿಲ್ಲ.

ಅದಕ್ಕಿಂತ ದೊಡ್ಡದು 2020ರ ಫೆಬ್ರವರಿ 17ರ ಸುಪ್ರೀಂ ಕೋರ್ಟ್ ತೀರ್ಪು. ಮಹಿಳಾ ಅಧಿಕಾರಿಗಳಿಗೆ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಸೇವೆ, ಕೊಡಬೇಕು, ಕಮಾಂಡ್ ಹುದ್ದೆಗಳಿಂದ ಅವರನ್ನು ಸಾರಾಸಗಟಾಗಿ ದೂರವಿಡುವಂತಿಲ್ಲ ಎಂದಿತು ನ್ಯಾಯಾಲಯ. ಹಳ್ಳಿಗಾಡಿನಿಂದ ಬಂದ ಯೋಧರು ಹೆಂಗಸಿನ ಆಜ್ಞೆ ಪಾಲಿಸಲು ಮಾನಸಿಕವಾಗಿ ಸಿದ್ಧರಿಲ್ಲ ಎಂದು ಸರ್ಕಾರ ವಾದಿಸಿತ್ತು. ಈ ವಾದ ಮಹಿಳೆಯರಿಗಿಂತ ಹೆಚ್ಚಾಗಿ ಆ ಯೋಧರಿಗೇ ಅವಮಾನ ಮಾಡಿತು. ಸೆಲ್ಯೂಟ್ ಹುದ್ದೆಗೆ, ವ್ಯಕ್ತಿಗಲ್ಲ ಎಂದು ಮೊದಲ ದಿನದಿಂದ ಕಲಿಸಿ, ಹುದ್ದೆಯಲ್ಲಿ ಹೆಣ್ಣು ಕುಳಿತಾಗ ಕಲಿಸಿದ್ದು ಮರೆತುಹೋಗುತ್ತದೆ ಎನ್ನುವುದು ಹೇಗೆ?

ಕಾಲ ಬದಲಾದಾಗ ಕೆಲವು ಕಟ್ಟುಗಳು ಬಿಗಿಯಾಗಬೇಕಾಗುತ್ತದೆ ಎಂಬುದನ್ನೂ ಹೇಳಬೇಕು. 2017ರಲ್ಲಿ ಸ್ಟ್ರಾವಾ ಎಂಬ ವ್ಯಾಯಾಮದ ಆಪ್ ತನ್ನ ಬಳಕೆದಾರರ ಓಟದ ಹಾದಿಗಳನ್ನು ನಕ್ಷೆಯಲ್ಲಿ ಪ್ರಕಟಿಸಿದಾಗ, ಮರುಭೂಮಿಯ ಸೇನಾ ನೆಲೆಗಳ ಆಕಾರವೇ ಅದರಲ್ಲಿ ಬೆಳಗಿತು. 2020ರಲ್ಲಿ ನಮ್ಮ ಸೇನೆ ಫೇಸ್‌ಬುಕ್ ಸೇರಿ 89 ಆಪ್‌ಗಳನ್ನು ಅಳಿಸಲು ಹೇಳಿದಾಗ ಗೊಣಗಿದವರಿದ್ದರು. ಮನೆಯಿಂದ ದೂರವಿರುವ ಹುಡುಗನಿಗೆ ಕಷ್ಟವೇ, ಆದರೆ ಅವನ ಪಕ್ಕದವನ ಪ್ರಾಣ ಅವನ ಕೈಯಲ್ಲಿದೆ. ಇಲ್ಲಿ ನಾನು ಸೇನೆಯ ಪರ.

ಸಹಾಯಕ್ ಪದ್ಧತಿಯಲ್ಲಿ ಅಲ್ಲ. ಯುದ್ಧಭೂಮಿಯಲ್ಲಿ ಅಧಿಕಾರಿಯ ಜೊತೆಗಿರಲು ನೇಮಿಸಿದ ಯೋಧನನ್ನು ಕಂಟೋನ್ಮೆಂಟಿನ ಬಂಗಲೆಯಲ್ಲಿ ನಾಯಿ ಅಡ್ಡಾಡಿಸಲು, ತರಕಾರಿ ತರಲು ಕಳಿಸುವುದು ಯಾವ ಶಿಸ್ತಿಗೂ ಬೇಕಾಗಿಲ್ಲ. ಇದು ನಿಲ್ಲಬೇಕೆಂದು ಸಂಸದೀಯ ಸಮಿತಿಯೇ ಹೇಳಿದೆ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು ಜನರ ಕಿವಿಗೆ ಅಷ್ಟಾಗಿ ಬೀಳದ ಸಮರಿ ಕೋರ್ಟ್ ಮಾರ್ಷಲ್. 1950ರ ಸೇನಾ ಕಾಯ್ದೆಯ ಪ್ರಕಾರ ಕಮಾಂಡಿಂಗ್ ಆಫೀಸರ್ ಒಬ್ಬರೇ ಅಲ್ಲಿ ಇಡೀ ನ್ಯಾಯಾಲಯ. ಇನ್ನಿಬ್ಬರು ಕೂತಿರುತ್ತಾರೆ, ಆದರೆ ಅವರಿಗೆ ಪ್ರಮಾಣವಚನವೂ ಇಲ್ಲ, ತೀರ್ಪಿನಲ್ಲಿ ಮಾತೂ ಇಲ್ಲ. ಕಮಾಂಡಿಂಗ್ ಆಫೀಸರ್ ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನವರಾದರೆ ಒಂದು ವರ್ಷದವರೆಗೆ ಜೈಲು ವಿಧಿಸಬಹುದು, ನೌಕರಿಯಿಂದಲೂ ತೆಗೆಯಬಹುದು. ಶಿಕ್ಷೆ ಸಾಮಾನ್ಯವಾಗಿ ಕೂಡಲೇ ಜಾರಿ. ಅಧಿಕಾರಿಯನ್ನಾಗಲಿ ಜೂನಿಯರ್ ಕಮಿಷನ್ಡ್ ಆಫೀಸರನ್ನಾಗಲಿ (ಜೆಸಿಓ) ಹೀಗೆ ವಿಚಾರಿಸುವಂತಿಲ್ಲ, ಇದು ಕೆಳಗಿನ ಯೋಧನಿಗೆ ಮಾತ್ರ.

ಸೇನಾ ನ್ಯಾಯಾಲಯಗಳ ಮೇಲೆ ಅಪೀಲಿಗೆ ದಾರಿಯೇ ಇಲ್ಲವೆಂದು ಸುಪ್ರೀಂ ಕೋರ್ಟ್ 1982ರಲ್ಲೇ ಬೇಸರಪಟ್ಟಿತ್ತು. ಅಪೀಲು ಕೇಳುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕಾನೂನು ಬಂದದ್ದು 2007ರಲ್ಲಿ. ಯೋಧನೊಬ್ಬ ಮೇಲ್ಮನವಿ ಹಾಕಿಕೊಂಡದ್ದರಿಂದ ಯಾವ ಪಟಾಲಮೂ ಶಿಸ್ತುಗೆಟ್ಟಿದ್ದನ್ನು ನಾನು ಕಾಣೆ. ಗಡಿಯಲ್ಲಿ, ಗುಂಡು ಹಾರುವ ಹೊತ್ತಿನಲ್ಲಿ ಕಮಾಂಡಿಂಗ್ ಆಫೀಸರಿಗೆ ತಕ್ಷಣದ ಅಧಿಕಾರ ಬೇಕು, ಅದನ್ನು ಕಸಿಯಬಾರದು. ಬೆಳಗಾವಿ, ಬೆಂಗಳೂರಿನಂಥ ಶಾಂತಿ ಕಾಲದ ನೆಲೆಗಳಲ್ಲಿ ಆ ಆತುರವೇನಿದೆ? ಈಗ ಶಿಕ್ಷೆ ಜಾರಿಯಾದ ಮೇಲೆ ಕಡತ ಮೇಲಧಿಕಾರಿಯ ಪರಿಶೀಲನೆಗೆ ಹೋಗುತ್ತದೆ. ಅದು ಮೊದಲು ಹೋಗಲಿ, ಕಾನೂನು ಬಲ್ಲ ಅಧಿಕಾರಿಯೊಬ್ಬರು ಓದಲಿ, ಆಮೇಲೆ ಬೇಕಿದ್ದರೆ ಯೋಧ ಜೈಲಿಗೆ ಹೋಗಲಿ. ಇದಕ್ಕೆ ಕಾಯ್ದೆಯ ಒಂದೆರಡು ಕಲಮುಗಳನ್ನು ತಿದ್ದಿದರೆ ಸಾಕು.