ಮಾನಿಟರಿಗೆ ತಕ್ಕ ಅಡಾಪ್ಟರು

ಕಂಪ್ಯೂಟರಿನ ಮಾನಿಟರು ಒಂದು ದಿನ ಇದ್ದಕ್ಕಿದ್ದಂತೆ ಬೆಳಗದೆ ಹೋದರೆ, ದೋಷವು ತೆರೆಯಲ್ಲಿಯೇ ಇರಬೇಕೆಂದೇನೂ ಇಲ್ಲ. ಕೆಟ್ಟಿರುವುದು ಅದರ ತಂತಿಗೆ ಸೇರಿದ ಕರಿಯ ಪೆಟ್ಟಿಗೆ, ಎಂದರೆ ಅಡಾಪ್ಟರು, ಆಗಿರಬಹುದು. ತಕ್ಕ ಅಡಾಪ್ಟರನ್ನು ತಂದು ಜೋಡಿಸಿದರೆ ಮಾನಿಟರು ಮೊದಲಿನಂತೆ ಬೆಳಗುತ್ತದೆ. ತಪ್ಪಾದುದನ್ನು ಜೋಡಿಸಿದರೆ ಅದುವರೆಗೆ ಚೆನ್ನಾಗಿದ್ದ ಮಾನಿಟರೇ ಸುಟ್ಟುಹೋಗಬಹುದು.

ಭಾರತದ ಮನೆಗಳಿಗೆ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್ ಪ್ರವಾಹ. ಮಾನಿಟರಿನ ಒಳಗಿನ ಸೂಕ್ಷ್ಮ ಭಾಗಗಳಿಗೆ ಬೇಕಾದುದಾದರೋ ಕಡಿಮೆ ವೋಲ್ಟಿನ ನೇರ ಪ್ರವಾಹ. ಒಂದನ್ನು ಇನ್ನೊಂದಾಗಿ ಮಾರ್ಪಡಿಸುವುದೇ ಅಡಾಪ್ಟರಿನ ಕೆಲಸ. ಕೆಲವು ಮಾನಿಟರುಗಳಲ್ಲಿ ಈ ಭಾಗವು ಒಳಗೇ ಅಡಗಿರುತ್ತದೆ. ಅವುಗಳ ಮಾತು ಬೇರೆ.

ಅಂಗಡಿಗೆ ಹೋದವರು ಸಾಮಾನ್ಯವಾಗಿ ಮೊದಲು ನೋಡುವುದು ಪ್ಲಗ್ಗು ರಂಧ್ರದಲ್ಲಿ ಕೂರುವುದೋ ಇಲ್ಲವೋ ಎಂಬುದನ್ನು. ಮೋಸಹೋಗುವುದೂ ಇಲ್ಲಿಯೇ. ಸ್ಯಾಮ್‌ಸಂಗ್‌ನ ಹಲವು ಮಾನಿಟರುಗಳು 14 ವೋಲ್ಟಿನಿಂದ ನಡೆಯುತ್ತವೆ, ಎಲ್‌ಜಿಯ ಹಲವು 19 ವೋಲ್ಟಿನಿಂದ. ಆದರೆ ಎರಡು ಬಗೆಯವುಗಳಲ್ಲಿಯೂ ನಡುವೆ ಸಣ್ಣ ಸೂಜಿಯುಳ್ಳ, ಹೆಚ್ಚುಕಡಿಮೆ ಒಂದೇ ಗಾತ್ರದ ಪ್ಲಗ್ಗನ್ನು ಕಾಣಬಹುದು. ಪ್ಲಗ್ಗು ಕೂತಿತೆಂದು 14 ವೋಲ್ಟಿನ ಮಾನಿಟರಿಗೆ 19 ವೋಲ್ಟನ್ನು ಹರಿಸಿದರೆ ಅದು ತಾಳಲಾರದು. ಆದುದರಿಂದ ಮೊದಲು ಓದಬೇಕಾದುದು ಮಾನಿಟರಿನ ಬೆನ್ನಿಗೆ ಅಂಟಿಸಿದ ಚೀಟಿಯನ್ನು. ಅಲ್ಲಿ ಬರೆದ ವೋಲ್ಟಿನ ಸಂಖ್ಯೆಯೂ ಅಡಾಪ್ಟರಿನ ಮೇಲೆ ‘ಔಟ್‌ಪುಟ್’ ಎಂಬುದರ ಮುಂದಿರುವ ಸಂಖ್ಯೆಯೂ ಒಂದೇ ಆಗಿರಬೇಕು.

ಆಂಪಿಯರಿನ ವಿಷಯದಲ್ಲಿ ಜನರ ಭಯ ತಲೆಕೆಳಗಾದುದು. 2 ಆಂಪಿಯರ್ ಬೇಕಾದ ಮಾನಿಟರಿಗೆ 3 ಆಂಪಿಯರಿನ ಅಡಾಪ್ಟರನ್ನು ಜೋಡಿಸಲು ಅನೇಕರು ಹಿಂಜರಿಯುತ್ತಾರೆ. ಹಂಡೆ ತುಂಬ ನೀರಿದ್ದರೂ ಸ್ನಾನ ಮಾಡುವವನು ತನಗೆ ಬೇಕಾದಷ್ಟನ್ನೇ ಮೊಗೆದುಕೊಳ್ಳುವಂತೆ, ವೋಲ್ಟು ಸರಿಯಾಗಿದ್ದರೆ ಮಾನಿಟರು ತನಗೆ ಬೇಕಾದಷ್ಟು ಪ್ರವಾಹವನ್ನೇ ಎಳೆದುಕೊಳ್ಳುತ್ತದೆ. ತೊಂದರೆಯಿರುವುದು ಕಡಿಮೆಯಾದಾಗ. 19 ವೋಲ್ಟ್, 2.1 ಆಂಪಿಯರ್ ಎಂದರೆ ಸುಮಾರು 40 ವ್ಯಾಟ್. ಇಷ್ಟು ಬೇಡುವ ಮಾನಿಟರಿಗೆ 1.3 ಆಂಪಿಯರಿನ, ಎಂದರೆ 25 ವ್ಯಾಟಿನಷ್ಟೇ ಶಕ್ತಿಯ ಅಡಾಪ್ಟರನ್ನು ಕೊಟ್ಟರೆ, ಬೆಳಕನ್ನು ಹೆಚ್ಚಿಸಿದೊಡನೆ ತೆರೆ ಆರಿಹೋಗಬಹುದು. ಅಡಾಪ್ಟರು ಮಿತಿಮೀರಿ ಕಾಯಬಹುದು.

ಧ್ರುವಗಳೂ ಹೊಂದಬೇಕು. ಚೀಟಿಯ ಮೇಲಿನ ಚಿಕ್ಕ ಚಿತ್ರದಲ್ಲಿ ನಡುವಣ ಚುಕ್ಕೆಯಿಂದ ಹೊರಟ ಗೆರೆಯು ಧನ ಚಿಹ್ನೆಯನ್ನು ಮುಟ್ಟಿದ್ದರೆ ಪ್ಲಗ್ಗಿನ ಒಳಭಾಗ ಧನ, ಹೊರಭಾಗ ಋಣ ಎಂದರ್ಥ. ಮಾನಿಟರಿನದೂ ಹಾಗೆಯೇ ಇರಬೇಕು. ಇನ್ನು ಪ್ಲಗ್ಗಿನ ಅಳತೆ. ಹೊರ ವ್ಯಾಸ 5.5 ಮಿಲಿಮೀಟರೇ ಇದ್ದರೂ ಒಳ ವ್ಯಾಸವು ಕೆಲವದರಲ್ಲಿ 2.1, ಕೆಲವದರಲ್ಲಿ 2.5 ಇರುವುದುಂಟು. ಹಳೆಯ ಅಡಾಪ್ಟರನ್ನು ಕೈಯಲ್ಲಿ ಹಿಡಿದು ಹೋಗುವುದೇ ಲೇಸು.

ಇಷ್ಟೆಲ್ಲ ಹೊಂದಿದರೂ ಭಾರತೀಯ ಮಾನಕ ಬ್ಯೂರೋದ ಗುರುತು, ‘ಆರ್’ ಅಕ್ಷರದಿಂದ ಮೊದಲಾಗುವ ನೋಂದಣಿ ಸಂಖ್ಯೆ ಇವು ಇಲ್ಲದ ಅಗ್ಗದ ಪೆಟ್ಟಿಗೆಯನ್ನು ಕೊಳ್ಳುವುದು ತರವಲ್ಲ. ಪೆಟ್ಟಿಗೆಯೊಳಗೆ 230 ವೋಲ್ಟಿನ ಭಾಗವನ್ನೂ 19 ವೋಲ್ಟಿನ ಭಾಗವನ್ನೂ ಬೇರೆಯಾಗಿಡುವ ನಿರೋಧಕದ ಏರ್ಪಾಡು ಇರುತ್ತದೆ. ಅದು ಸೋತರೆ ಅಪಾಯವು ಮಾನಿಟರಿಗೆ ಮಾತ್ರವಲ್ಲ, ಅದರ ಲೋಹದ ಭಾಗವನ್ನು ಮುಟ್ಟಿದ ಕೈಗೂ ಬರುತ್ತದೆ.